ಪಕ್ಕದ ಕ್ಯಾಮೆರಾ ಹಿಡಿದದ್ದು

ನನ್ನ ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳು ನನ್ನ ಮಾತು ಕೇಳುವುದಿಲ್ಲ. ಗಿಟಾರಿನ ತಂತಿಯ ಮೇಲೆ ಇಟ್ಟ ಕೂಡಲೇ ಎರಡೂ ಒಳಕ್ಕೆ ಮಡಚಿಕೊಂಡು ಅಂಗೈಗೆ ಅಂಟಿಕೊಳ್ಳುತ್ತವೆ. ನೋವಿಲ್ಲ, ಊತವಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ಮೊದಮೊದಲು ತಂತಿ ಮುಟ್ಟಿದಾಗ ಮಾತ್ರ ಹೀಗಾಗುತ್ತಿತ್ತು. ಈಗ ಅಂಗಿಯ ಗುಂಡಿ ಹಾಕಿಕೊಳ್ಳುವಾಗಲೂ ಆಗುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಮುರಿದವರು, ಬ್ಯಾಂಡೇಜು ಸುತ್ತಿಕೊಂಡವರ ನಡುವೆ ಕುಳಿತಿದ್ದಾಗ ಯಾರಾದರೂ ‘ನಿಮಗೇನಾಗಿದೆ’ ಎಂದು ಕೇಳಿದರೆ ನನಗೆ ನಾಚಿಕೆಯಾಗುತ್ತಿತ್ತು. ‘ಗಿಟಾರ್ ನುಡಿಸಕ್ಕಾಗ್ತಿಲ್ಲ’ ಎಂದು ಹೇಳಿಕೊಳ್ಳುವುದು ಹೇಗೆ? ಬೆನ್ನುನೋವು ಎಂದು ಸುಳ್ಳು ಹೇಳುತ್ತಿದ್ದೆ.

ನಮ್ಮದು ದೊಮ್ಮಲೂರಿನ ಹಳೆಯ ಊರಿನೊಳಗಿನ ಮನೆ. ಫ್ಲೈಓವರ್ ಬರುವ ಮುಂಚಿನಿಂದ ಅಲ್ಲೇ ಇದ್ದವರು. ಕಾಲೇಜಿನಲ್ಲಿದ್ದಾಗ ನಾನು ಗಿಟಾರ್ ತಂದಾಗ ಅಜ್ಜಿ ಅದಕ್ಕೆ ‘ತಂತಿ ಡಬ್ಬ’ ಎಂದು ಹೆಸರಿಟ್ಟಿದ್ದಳು. ಆ ಡಬ್ಬ ಹಿಡಿದುಕೊಂಡೇ ಹದಿನಾರು ವರ್ಷ ಒಂದು ರಾಕ್ ಬ್ಯಾಂಡಿನಲ್ಲಿ ನುಡಿಸಿದೆ. ಕನ್ನಡದಲ್ಲಿ ಹಾಡುವ ಬ್ಯಾಂಡು. ಹೆಸರು ಹೇಳಿದರೆ ಈ ಊರಿನಲ್ಲಿ ಕಾಲೇಜು ಓದಿದ ಬಹಳ ಜನಕ್ಕೆ ಗೊತ್ತಾಗಿಬಿಡುತ್ತದೆ, ಆದ್ದರಿಂದ ಹೇಳುವುದಿಲ್ಲ. ವಾರವೆಲ್ಲ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಮಾಲು ತಪಾಸಣೆ, ಶನಿವಾರ ಭಾನುವಾರ ಕುಕ್ ಟೌನಿನ ಒಂದು ಬಂಗಲೆಯ ಗ್ಯಾರೇಜಿನಲ್ಲಿ ಅಭ್ಯಾಸ. ಹೊಟ್ಟೆಗೆ ಕಾರ್ಖಾನೆ, ಜೀವಕ್ಕೆ ಗ್ಯಾರೇಜು. ಹೀಗೆಂದರೆ ನನ್ನ ಹೆಂಡತಿ ‘ಮತ್ತೆ ನಾನು ಯಾವ್ದಕ್ಕೆ?’ ಎಂದು ಕೇಳುತ್ತಿದ್ದಳು.

ಬ್ಯಾಂಡಿನಲ್ಲಿ ಗಿಟಾರ್ ನುಡಿಸುವವರು ಇಬ್ಬರು. ನಾನು ಮುಂದೆ ನಿಂತು ರಾಗ ಎಳೆಯುವವನು. ನನ್ನ ಗೆಳೆಯ ಹಿಂದೆ ನಿಂತು ತಾಳಕ್ಕೆ ಸರಿಯಾಗಿ ತಂತಿ ಬಾರಿಸುವವನು. ಜನ ನನ್ನನ್ನು ನೋಡುತ್ತಿದ್ದರು, ಅವನನ್ನು ಯಾರೂ ನೋಡುತ್ತಿರಲಿಲ್ಲ. ರೆಕಾರ್ಡಿಂಗ್ ಕೆಲಸವೆಲ್ಲ ಅವನದೇ. ಹಾಡುಗಳನ್ನು ಜೋಡಿಸುವುದು, ತಿದ್ದುವುದು, ಸದ್ದು ಹೆಚ್ಚು ಕಡಿಮೆ ಮಾಡುವುದು. ಮಿತಭಾಷಿ. ಹೊಗಳಿದರೆ ಕಿವಿ ಕೆಂಪಾಗುತ್ತಿತ್ತು, ಆದರೆ ಹೊಗಳುವ ಸಂದರ್ಭ ಅಷ್ಟಾಗಿ ಬರುತ್ತಿರಲಿಲ್ಲ.

ಬೆರಳಿನ ತೊಂದರೆ ಶುರುವಾದ ಮೂರನೆಯ ತಿಂಗಳಲ್ಲಿ ನಮ್ಮ ಅತಿ ದೊಡ್ಡ ಕಾರ್ಯಕ್ರಮ ನಡೆಯಿತು. ಕಂಟೋನ್ಮೆಂಟಿನ ಒಂದು ಶಾಲೆಯ ಮೈದಾನ. ನಾಲ್ಕು ಕ್ಯಾಮೆರಾ ಇಟ್ಟು ಪೂರ್ತಿ ಚಿತ್ರೀಕರಿಸಿ ಬಿಡುಗಡೆ ಮಾಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಬೆರಳಿನ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ಎರಡು ಬೆರಳು ಬೇಡದ ಹಾಗೆ ಎಲ್ಲ ಹಾಡುಗಳನ್ನೂ ಗುಟ್ಟಾಗಿ ಬದಲಿಸಿಕೊಂಡಿದ್ದೆ. ಬದಲಿಸಲು ಆಗದೆ ಉಳಿದದ್ದು ಕೊನೆಯ ಹಾಡಿನ ಕೊನೆಯ ಭಾಗ ಮಾತ್ರ. ಅಲ್ಲಿ ಹಾಡುಗಾರ ಸುಮ್ಮನಾಗುತ್ತಾನೆ, ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ನಾನೊಬ್ಬನೇ ನುಡಿಸುತ್ತೇನೆ. ಜನ ಟಿಕೆಟ್ ತೆಗೆದುಕೊಳ್ಳುತ್ತಿದ್ದುದೇ ಆ ಎರಡು ನಿಮಿಷಕ್ಕೆ ಎಂದು ನಾನು ನಂಬಿದ್ದೆ. ಅಹಂಕಾರವೇ, ಇರಲಿ.

ವೇದಿಕೆ ಇಳಿದಾಗ ಅಂಗಿ ಪೂರ್ತಿ ಒದ್ದೆಯಾಗಿತ್ತು. ನುಡಿಸಿದ್ದು ಏನೆಂದು ನನಗೆ ಸ್ಪಷ್ಟವಾಗಿ ಕೇಳಿಸಿರಲಿಲ್ಲ. ಹಿಂದೆ ಡ್ರಮ್ಮು, ಮುಂದೆ ಸಾವಿರಾರು ಜನ ಒಂದೇ ಸಮನೆ ‘ಓ’ ಎಂದು ಎಳೆಯುತ್ತಿದ್ದರು. ಗೆಳೆಯನ ಭುಜ ಹಿಡಿದು “ಹೆಂಗಿತ್ತು?” ಎಂದು ಕೇಳಿದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ “ಸೂಪರ್ ಮಗಾ” ಎಂದ.

ನಾಲ್ಕು ತಿಂಗಳ ನಂತರ ಬಿಡುಗಡೆಯಾದ ವಿಡಿಯೋ ನೋಡಿದಾಗ ಅದು ನಿಜವಾಗಿಯೂ ಸೂಪರ್ ಆಗಿತ್ತು. ಒಂದು ಸ್ವರವೂ ತಪ್ಪಿರಲಿಲ್ಲ. ನಾನು ಅಳುವುದಕ್ಕೇ ಶುರುಮಾಡಿದೆ. ಅಷ್ಟರಲ್ಲಿ ಬೆರಳು ಇನ್ನೂ ಹದಗೆಟ್ಟಿತ್ತು, ಹಲ್ಲು ಕಚ್ಚಿ ಹಿಡಿದರೂ ನಿಲ್ಲುತ್ತಿರಲಿಲ್ಲ. ಆದರೂ ಕಾಯಿಲೆ ಶುರುವಾದ ಮೇಲೂ ಆ ಒಂದು ಸಂಜೆ ಇವೇ ಬೆರಳುಗಳು ಇಷ್ಟು ಚೆನ್ನಾಗಿ ಓಡಿವೆ ಎಂದಮೇಲೆ, ಇನ್ನೊಮ್ಮೆ ಓಡದೆ ಏನು? ನನ್ನ ಆಸೆಗೆ ಇದ್ದ ಆಧಾರ ಅದೊಂದೇ. ಆ ವಿಡಿಯೋ ಇಲ್ಲದಿದ್ದರೆ ಅವತ್ತೇ ಕೈಚೆಲ್ಲಿ ಕೂತಿರುತ್ತಿದ್ದೆನೋ ಏನೋ.

ಆಮೇಲೆ ವೈದ್ಯರ ಹತ್ತಿರ ಹೋದೆ. ಅವರು ಮೊದಲ ಭೇಟಿಯಲ್ಲೇ ನೇರವಾಗಿ ಹೇಳಿದರು. ತೊಂದರೆ ಬೆರಳಿನಲ್ಲಿಲ್ಲ, ಬೆರಳಿಗೆ ಅಪ್ಪಣೆ ಕೊಡುವ ಮೆದುಳಿನಲ್ಲಿದೆ. ಒತ್ತಾಯ ಮಾಡಿ ನುಡಿಸಿದಷ್ಟೂ ಅದು ತಪ್ಪನ್ನೇ ಕಲಿಯುತ್ತಾ ಹೋಗುತ್ತದೆ.

“ಗಿಟಾರ್ ಬಿಟ್ಬಿಡಿ. ಕೈಗೆ ರೆಸ್ಟ್ ಕೊಡಿ. ಈಗ ಬಿಟ್ರೆ ಮಿಕ್ಕ ಕೆಲಸಕ್ಕಾದ್ರೂ ಕೈ ಉಳಿಯುತ್ತೆ,” ಎಂದರು.

ನಾನು ಬಿಡುವವನೇ? ಮೊಬೈಲ್ ತೆಗೆದು ಅವರ ಮೇಜಿನ ಮೇಲಿಟ್ಟು ಆ ಎರಡು ನಿಮಿಷವನ್ನು ಹಾಕಿದೆ.

“ನೋಡಿ ಸರ್, ಇದು ತೊಂದ್ರೆ ಶುರುವಾಗಿ ಮೂರು ತಿಂಗಳಾದ್ಮೇಲೆ ನುಡಿಸಿದ್ದು. ಲೈವು.”

ಅವರು ಎರಡು ಸಲ ನೋಡಿದರು. ಕನ್ನಡಕ ತೆಗೆದು ಒರೆಸಿದರು. “ಈ ಹಂತದಲ್ಲಿ ಹೀಗೆ ನುಡಿಸಿರೋರನ್ನ ನಾನು ನೋಡಿಲ್ಲ,” ಎಂದರು. ಆಮೇಲೆ ನಿಧಾನವಾಗಿ, ಹಾಗಾದರೆ ನಿಮ್ಮದು ಬೇರೆ ಥರ ಇರಬಹುದು, ಪೂರ್ತಿ ಬಿಡುವುದು ಬೇಡ, ದಿನಾ ಅಭ್ಯಾಸ ಮಾಡಿ ನೋಡೋಣ ಎಂದರು. ನಾನು ಪರೀಕ್ಷೆ ಪಾಸಾದವನ ಹಾಗೆ ಎದೆಯುಬ್ಬಿಸಿ ಹೊರಗೆ ಬಂದೆ. ಹೆಂಡತಿಗೆ ಫೋನ್ ಮಾಡಿ, “ಡಾಕ್ಟ್ರೇ ದಂಗಾಗ್ಬಿಟ್ರು ಕಣೇ” ಎಂದೆ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಮುಂಚೆ ಒಂದು ಗಂಟೆ, ಸಂಜೆ ಮೂರು ಗಂಟೆ, ಎಂಟು ವರ್ಷ. ಮಡಚಿಕೊಳ್ಳುವ ಬೆರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎಳೆದು ನುಡಿಸಿದೆ. ಎರಡನೆಯ ವರ್ಷ ಬ್ಯಾಂಡಿನವರು ‘ಸರಿಹೋದ್ಮೇಲೆ ಬಾ, ನಿನ್ ಜಾಗ ಎಲ್ಲೂ ಹೋಗಲ್ಲ’ ಎಂದು ಮರ್ಯಾದೆಯಾಗಿಯೇ ಕಳಿಸಿಕೊಟ್ಟರು. ನನ್ನ ಜಾಗಕ್ಕೆ ಬಂದವನು ಈಗ ನನಗಿಂತ ಹೆಚ್ಚು ವರ್ಷದಿಂದ ಅಲ್ಲಿರುವವನ ಹಾಗೆ ನಿಲ್ಲುತ್ತಾನೆ. ನಾಲ್ಕನೆಯ ವರ್ಷ ಮಧ್ಯದ ಬೆರಳೂ ಒಮ್ಮೊಮ್ಮೆ ಬಾಗತೊಡಗಿತು. ಆರನೆಯ ವರ್ಷ ಗುಂಡಿ. ಹಲಸೂರಿನ ಶಾಲೆಯೊಂದರಲ್ಲಿ ಪಾಠ ಹೇಳುವ ನನ್ನ ಹೆಂಡತಿ, ತಾನು ಹೊರಡುವ ಗಡಿಬಿಡಿಯ ನಡುವೆಯೇ ನನ್ನ ಅಂಗಿಯ ಗುಂಡಿ ಹಾಕಿ ಹೋಗುತ್ತಾಳೆ. ಬೇಸರ ಪಟ್ಟುಕೊಂಡವಳಲ್ಲ, ಅದೇ ನನಗೆ ಕಷ್ಟ.

ಮನಸ್ಸು ತೀರಾ ಕುಗ್ಗಿದ ದಿನ ಆ ವಿಡಿಯೋ ಹಾಕುತ್ತಿದ್ದೆ. ಭಾನುವಾರದ ತಿಂಡಿಯಾದ ಮೇಲೆ ಟಿವಿಯ ಮುಂದೆ ನಾವಿಬ್ಬರೂ ಕೂರುತ್ತಿದ್ದೆವು. ನನಗೆ ಅದರ ಬಗ್ಗೆ ಇದ್ದ ತಕರಾರು ಒಂದೇ. ಆ ಎರಡು ನಿಮಿಷದಲ್ಲಿ ನನ್ನ ಕೈಯನ್ನು ಸರಿಯಾಗಿ ತೋರಿಸಿಯೇ ಇಲ್ಲ. ಶುರುವಿನಲ್ಲಿ ನನ್ನ ಮುಖ, ಕಣ್ಣು ಮುಚ್ಚಿ ನಗುತ್ತಿರುವುದು. ಆಮೇಲೆ ಜನ, ದೀಪ, ಹಾಡುಗಾರನ ಬೆವರು, ಯಾರದೋ ಹೆಗಲ ಮೇಲೆ ಕುಳಿತ ಹುಡುಗಿ, ಮತ್ತೆ ದೀಪ. ನಾನೂ ಗೆಳೆಯನೂ ಹೆಗಲಿಗೆ ಹೆಗಲು ತಾಗಿಸಿ ನಿಂತಿರುವ ಒಂದು ದೃಶ್ಯ ಹಿಂದಿನಿಂದ. “ಇವನ್ಯಾವ ಸೀಮೆ ಕ್ಯಾಮೆರಾಮನ್? ಕೈ ನುಡಿಸ್ತಿರೋವಾಗ ಕಾಲು ತೋರಿಸ್ತಾನೆ,” ಎಂದು ಪ್ರತಿ ಸಲ ಬೈಯುತ್ತಿದ್ದೆ. ನಾನು ಬೈಯುವ ಜಾಗ ಬಂದಾಗ ಹೆಂಡತಿ ನನಗಿಂತ ಮೊದಲೇ ಬೈದು ನಗಿಸುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಶಿವಾಜಿನಗರಕ್ಕೆ ಹೋಗಿದ್ದಾಗ ಬಸ್ ನಿಲ್ದಾಣದ ಹತ್ತಿರ ಆ ಕ್ಯಾಮೆರಾದವರಲ್ಲೇ ಒಬ್ಬ ಸಿಕ್ಕಿದ. ನನ್ನ ವಯಸ್ಸಿನವನೇ. ಈಗ ಅಲ್ಲೇ ಗಲ್ಲಿಯೊಂದರಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ಚಿತ್ರೀಕರಿಸುತ್ತಾನೆ. ಚಹಾ ಕುಡಿಸಿದ. ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಏನಪ್ಪಾ, ನಾಲ್ಕು ಕ್ಯಾಮೆರಾ ಇಟ್ಕೊಂಡು ನನ್ ಕೈ ಒಂದ್ಸಲನೂ ಹಿಡೀಲಿಲ್ವಲ್ಲ ನೀವು?”

ಅವನಿಗೆ ನಿಜವಾಗಿಯೂ ಬೇಜಾರಾಯಿತು.

“ಅಣ್ಣಾ, ಹಂಗನ್ಬೇಡಿ. ಪಕ್ಕದ ಕ್ಯಾಮೆರಾ ನಂದೇ ಇದ್ದಿದ್ದು. ಶುರುವಿಂದ ಲಾಸ್ಟ್ ತನ್ಕ ನಿಮ್ ಕೈ ಮೇಲೇ ಇಟ್ಟಿದ್ದೆ, ಅಲ್ಲಾ ಕಸಮ್. ಎಡಿಟಿಂಗಲ್ಲಿ ಅವ್ರೇ ತೆಗ್ದಾಕಿದ್ರು. ನಂಗೂ ಭಾರಿ ಸಿಟ್ಟು ಬಂದಿತ್ತು. ನನ್ ಹತ್ರ ಐತೆ, ಹುಡುಕಿ ಕೊಡ್ತೀನಿ ನೋಡಿ.”

ತನ್ನ ಕೆಲಸದ ಮೇಲೆ ಬಂದ ಮಾತನ್ನು ತೊಳೆದುಕೊಳ್ಳಲೇಬೇಕಿತ್ತು ಅವನಿಗೆ. ಎರಡು ವಾರದಲ್ಲಿ ಹಳೆಯ ಹಾರ್ಡ್ ಡಿಸ್ಕನ್ನೆಲ್ಲ ಜಾಲಾಡಿ, ಒಂದು ಪೆನ್ ಡ್ರೈವಿಗೆ ಹಾಕಿಸಿ, ತಾನೇ ಸ್ಕೂಟರಿನಲ್ಲಿ ದೊಮ್ಮಲೂರಿಗೆ ತಂದುಕೊಟ್ಟ. ಒಳಗೆ ಬನ್ನಿ ಎಂದರೂ ಬರಲಿಲ್ಲ, ಮದುವೆಯ ಆರ್ಡರ್ ಇದೆ ಎಂದು ಹೊರಟ. ಹೋಗುವಾಗ “ಈಗ ಹೇಳಿ ಅಣ್ಣಾ ನನ್ ಕ್ಯಾಮೆರಾ ಹೆಂಗೈತೆ ಅಂತ,” ಎಂದು ನಕ್ಕ.

ಅದು ಎರಡನೆಯ ಶನಿವಾರ, ಇಬ್ಬರಿಗೂ ರಜೆ. ಮಧ್ಯಾಹ್ನದ ಊಟ ಮುಗಿಸಿ ಪೆನ್ ಡ್ರೈವನ್ನು ಟಿವಿಗೆ ಸಿಕ್ಕಿಸಿದೆವು. ನನಗೆ ಹಬ್ಬದ ಸಂಭ್ರಮ. ಎಂಟು ವರ್ಷದ ನಂತರ ನನ್ನ ಬೆರಳು ಓಡುವುದನ್ನು ಕಣ್ಣಾರೆ ನೋಡುವುದಿತ್ತು. ಹೇಗೆ ಓಡಿದವು ಎಂದು ನೋಡಿ ಕಲಿತುಕೊಂಡರೆ ಮತ್ತೆ ಓಡಿಸಬಹುದು ಎಂಬ ಲೆಕ್ಕಾಚಾರವೂ ಇತ್ತು. ಗಿಟಾರನ್ನೂ ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದೆ.

ಕ್ಯಾಮೆರಾ ಒಂದೇ ಕಡೆ ನಿಂತಿತ್ತು. ನನ್ನ ಎಡಭಾಗ, ಕೈ, ಒಂದು ಸ್ಪೀಕರ್ ಪೆಟ್ಟಿಗೆ, ನೆಲದ ಮೇಲೆ ಸುರುಳಿಯಾಗಿ ಬಿದ್ದ ವೈರು. ಸದ್ದು ಕ್ಯಾಮೆರಾದ್ದೇ, ಒರಟಾಗಿತ್ತು. ನೇರವಾಗಿ ಕೊನೆಯ ಹಾಡಿಗೆ ಓಡಿಸಿದೆ. ಹಾಡುಗಾರ ಹಿಂದೆ ಸರಿದ. ನಾನು ಮುಂದೆ ಬಂದೆ, ಕಣ್ಣು ಮುಚ್ಚಿಕೊಂಡೆ. ಮೊದಲ ಸಾಲು ಸರಿಯಾಗಿಯೇ ಬಂತು. ಎರಡನೆಯ ಸಾಲಿನಲ್ಲಿ ಉಂಗುರ ಬೆರಳು ಮಡಚಿಕೊಂಡಿತು, ಅದರ ಹಿಂದೆಯೇ ಕಿರುಬೆರಳು. ಉಳಿದೆರಡು ಬೆರಳು ತಂತಿಯ ಮೇಲೆ ಅಲ್ಲಿಂದಿಲ್ಲಿಗೆ ತಡಕಾಡಿದವು. ಎರಡು ಸ್ವರ, ಆಮೇಲೆ ಖಾಲಿ, ಆಮೇಲೆ ಸಂಬಂಧವೇ ಇಲ್ಲದ ಒಂದು ಸ್ವರ, ಮತ್ತೆ ಖಾಲಿ.

“ಇದು ಶೋಗೆ ಮುಂಚೆ ಸೌಂಡ್ ಚೆಕ್ ಮಾಡಿದ್ದಿರ್ಬೇಕು ರೀ,” ಎಂದಳು ಹೆಂಡತಿ.

“ಜನ ಕೂಗ್ತಿದ್ದಾರಲ್ಲೇ.”

ಪರದೆಯಲ್ಲಿ ಗೆಳೆಯ ನನ್ನ ಕಡೆ ತಿರುಗಿದ. ನನ್ನ ಕೈ ನೋಡಿದ, ಮುಖ ನೋಡಿದ, ಮತ್ತೆ ಕೈ ನೋಡಿದ. ಬೇಗ ಬೇಗ ನಡೆದು ಬಂದು ನನ್ನ ಹೆಗಲಿಗೆ ಹೆಗಲು ತಾಗಿಸಿ ನಿಂತು, ತನ್ನ ತಂತಿಗಳನ್ನು ಜೋರಾಗಿ ಬಾರಿಸತೊಡಗಿದ. ನನ್ನ ಖಾಲಿ ಜಾಗಗಳನ್ನು ಮುಚ್ಚಲು ಒದ್ದಾಡುತ್ತಿದ್ದಾನೆ ಎಂದು ಈಗ ಗೊತ್ತಾಗುತ್ತದೆ. ಇಷ್ಟೆಲ್ಲ ನಡೆಯುತ್ತಿರುವಾಗ ನಾನು ನಗುತ್ತಿದ್ದೇನೆ. ಕಣ್ಣು ಮುಚ್ಚಿ, ಕತ್ತು ಅಲ್ಲಾಡಿಸುತ್ತ, ಲೋಕವೇ ನನ್ನದು ಎಂಬಂತೆ. ನನ್ನ ತಲೆಯೊಳಗೆ ಇದ್ದದ್ದನ್ನೇ ನಾನು ಕೇಳಿಸಿಕೊಳ್ಳುತ್ತಿದ್ದೆ, ಕೈಯಿಂದ ಬಂದದ್ದನ್ನಲ್ಲ. ಬೆರಳು ಮಡಚಿಕೊಂಡದ್ದನ್ನು ಸಹಿಸಬಹುದು, ಆ ನಗುವನ್ನು ನೋಡಲಾಗಲಿಲ್ಲ.

“ಆಫ್ ಮಾಡ್ಲಾ?” ಎಂದು ಕೇಳಿದಳು. ಬೇಡ ಎಂದೆ. ಅವಳು ನನ್ನ ಎಡಗೈ ಹಿಡಿಯಲು ಬಂದಳು, ಎಳೆದುಕೊಂಡೆ. ಆ ಎರಡು ನಿಮಿಷ ಪೂರ್ತಿ ನೋಡಿ, ಬಿಡುಗಡೆಯಾದ ವಿಡಿಯೋವನ್ನು ಹಾಕಿದೆ. ಎರಡನೆಯ ಸಾಲು ಬಂತು, ಬೆರಳು ಮಡಚಿಕೊಳ್ಳಬೇಕಾದ ಕ್ಷಣಕ್ಕೆ ಸರಿಯಾಗಿ ಚಿತ್ರ ಜನರ ಕಡೆ ತಿರುಗಿತು. ನಾನು ಎಂಟು ವರ್ಷ ಬೈದ ಒಂದೊಂದು ಜಾಗದಲ್ಲೂ, ಆ ಕಡೆ ನನ್ನ ಕೈ ಸೋತಿತ್ತು. ಸದ್ದು ಮಾತ್ರ ನೀರಿನ ಹಾಗೆ ಹರಿಯುತ್ತಿತ್ತು.

ಲೈವ್ ಎಂದು ಬರೆದುಕೊಂಡು ಬರುವ ರೆಕಾರ್ಡಿಂಗು ಪೂರ್ತಿ ಲೈವ್ ಆಗಿರುವುದು ಅಪರೂಪ. ನಮ್ಮ ಕೆಲಸದವರಿಗೆಲ್ಲ ಇದು ಗೊತ್ತು. ತಪ್ಪಿದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಕೂತು ಮತ್ತೆ ನುಡಿಸಿ, ಮತ್ತೆ ಹಾಡಿ ಸೇರಿಸುತ್ತಾರೆ. ನಮ್ಮ ಹಾಡುಗಾರನ ಮೂರು ಸಾಲನ್ನು ಹಾಗೆಯೇ ತಿದ್ದಿದ್ದರು, ಅದನ್ನು ಹೇಳಿಕೊಂಡು ಅವನನ್ನು ಎಷ್ಟೋ ಸಲ ಗೋಳು ಹೊಯ್ದುಕೊಂಡಿದ್ದೆ. ನನ್ನದನ್ನೂ ಯಾರಾದರೂ ತಿದ್ದಿರಬಹುದು ಎಂದು ಒಂದು ದಿನವೂ ಹೊಳೆಯಲಿಲ್ಲ. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಬೇರೆಯವರ ಮಾಲಿನ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವನಿಗೆ ಬುದ್ಧಿ ಅಷ್ಟೇ ಇತ್ತು.

ಮರುದಿನ ಇಂದಿರಾನಗರದಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರಕ್ಕೆ ಹೋದೆ. ಗೆಳೆಯ ಈಗ ಅಲ್ಲಿ ಮನೆಯ ಮಹಡಿಯ ಮೇಲೆ ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದಾನೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಉರುಹೊಡೆದೆ. ನೀನು ಮಾಡಿದ ಉಪಕಾರ ನನ್ನ ಕೈ ತಿಂದಿತು. ನೀನು ನುಡಿಸಿದ್ದನ್ನು ನನ್ನದೆಂದು ವೈದ್ಯರಿಗೆ ತೋರಿಸಿದೆ, ಅದನ್ನು ನಂಬಿ ಅವರು ತಮ್ಮ ಮಾತನ್ನೇ ಬದಲಿಸಿಕೊಂಡರು. ಅವರ ಮೊದಲ ಮಾತು ಕೇಳಿದ್ದರೆ ಗಿಟಾರ್ ಹೋದರೂ ಇವತ್ತು ನನ್ನ ಅಂಗಿಯ ಗುಂಡಿಯನ್ನಾದರೂ ನಾನೇ ಹಾಕಿಕೊಳ್ಳುತ್ತಿದ್ದೆ. ಒಂದು ಪದವೂ ಬಿಡದೆ ಹೇಳಬೇಕು ಎಂದುಕೊಂಡು ಮೆಟ್ಟಿಲು ಹತ್ತಿದೆ.

“ಏನ್ ಮಗಾ, ಫೋನೂ ಮಾಡ್ದೆ ಬಂದ್ಬಿಟ್ಟೆ!” ಎಂದು ಬಾಗಿಲು ತೆಗೆದ.

“ಪಕ್ಕದ ಕ್ಯಾಮೆರಾದ್ದು ನೋಡ್ದೆ.”

ಯಾವುದು, ಏನು ಎಂದು ಅವನು ಕೇಳಲಿಲ್ಲ. ಒಳಗೆ ಹೋಗಿ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಹಾಡನ್ನು ನಿಲ್ಲಿಸಿ ಕುರ್ಚಿಯ ತುದಿಯಲ್ಲಿ ಕುಳಿತ. ನಾನು ನಿಂತೇ ಇದ್ದೆ.

“ನುಡ್ಸಿದ್ದು ನೀನೇನಾ?”

“ಹೂಂ.”

“ಯಾಕೆ?”

“ಅವತ್ತು ಸ್ಟೇಜಿಂದ ಇಳ್ದು ಹೆಂಗಿತ್ತು ಅಂತ ಕೇಳ್ದಲ್ಲ, ನಿನ್ ಮುಖ ನೋಡಿ ನಂಗೆ ಹೇಳಕ್ಕಾಗ್ಲಿಲ್ಲ ಗುರು. ಒಂದ್ಸಲ ಸೂಪರ್ ಅಂದ್ಬಿಟ್ಟೆ. ಅಂದ್ಮೇಲೆ ಅದನ್ನ ಸೂಪರ್ ಮಾಡ್ಲೇಬೇಕಾಯ್ತು.”

ಐದು ದಿನ ಕೂತು ನುಡಿಸಿದನಂತೆ. ಬೇರೆ ಗಿಟಾರಾದರೆ ಸದ್ದಿನಲ್ಲಿ ನನಗೆ ಗೊತ್ತಾಗುತ್ತದೆಂದು, ರಿಪೇರಿ ಮಾಡಿಸುತ್ತೇನೆಂದು ಸುಳ್ಳು ಹೇಳಿ ನನ್ನದನ್ನೇ ಒಯ್ದಿದ್ದ. ನಾನು ಮೇಲಿನ ಸ್ವರಕ್ಕೆ ಏರುವಾಗ ಒಂದು ಕೂದಲೆಳೆಯಷ್ಟು ತಡಮಾಡುತ್ತೇನಂತೆ, ಅದು ಬರುವವರೆಗೂ ಬಿಡಲಿಲ್ಲವಂತೆ. ನನಗೇ ಗೊತ್ತಿಲ್ಲದ ನನ್ನ ಅಭ್ಯಾಸವನ್ನು ಅವನು ಹಿಂದೆ ನಿಂತು ಹದಿನಾರು ವರ್ಷ ಕೇಳಿಸಿಕೊಂಡಿದ್ದ. ಎಡಿಟಿಂಗ್ ಮಾಡುವವನ ಪಕ್ಕ ಕುಳಿತು, ನನ್ನ ಕೈ ಕಾಣುವ ಕಡೆಯೆಲ್ಲ ಜನರನ್ನು ಹಾಕಿಸಿದವನೂ ಅವನೇ. ಬ್ಯಾಂಡಿನಲ್ಲಿ ಮಿಕ್ಕವರಿಗೂ ಹೇಳಿರಲಿಲ್ಲ.

“ಅಷ್ಟ್ರಲ್ಲಿ ಕೈ ಸರಿಹೋಗುತ್ತೆ, ಆಮೇಲ್ ಹೇಳಿ ಇಬ್ರೂ ನಗೋಣ ಅನ್ಕೊಂಡಿದ್ದೆ,” ಎಂದ. ಆಮೇಲೆ, “ನಾನ್ ಮಾಡಿದ್ದು ತಪ್ಪಾ ಮಗಾ?”

ಮೆಟ್ರೋದಲ್ಲಿ ಉರುಹೊಡೆದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅವನು ಮತ್ತೆ ಗಿಟಾರ್ ಮುಟ್ಟುತ್ತಿರಲಿಲ್ಲ, ಅವನನ್ನು ನಾನು ಬಲ್ಲೆ. ಇಬ್ಬರ ಕೈಯೂ ಹೋಗುತ್ತಿತ್ತು. ಹೇಳಿಬಿಡಬೇಕೆಂದು ನನಗೆ ತುಂಬಾ ಆಸೆಯಾಯಿತು, ಸುಳ್ಳೇಕೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಆ ಎರಡು ನಿಮಿಷಕ್ಕಾಗಿ ಜನ ನನ್ನನ್ನು ತಬ್ಬಿಕೊಳ್ಳುತ್ತಿದ್ದುದು, ಸಹಿ ಹಾಕಿಸಿಕೊಳ್ಳುತ್ತಿದ್ದುದು, ಮದುವೆ ಮನೆಯಲ್ಲೂ ಬಂದು ಕೈಕುಲುಕುತ್ತಿದ್ದುದು ನೆನಪಾಯಿತು. ಅಂಥ ಎಷ್ಟೋ ಸಲ ಇವನು ನನ್ನ ಪಕ್ಕದಲ್ಲೇ ನನ್ನ ಚೀಲ ಹಿಡಿದುಕೊಂಡು ನಿಂತಿದ್ದ.

“ಚೆನ್ನಾಗ್ ನುಡ್ಸಿದೀಯ,” ಎಂದೆ.

ಹೊಗಳುವುದಕ್ಕೆ ಹೇಳಿದೆನೋ ಚುಚ್ಚುವುದಕ್ಕೆ ಹೇಳಿದೆನೋ ಈಗಲೂ ಗೊತ್ತಿಲ್ಲ. ಅವನ ಕಿವಿ ಕೆಂಪಾಯಿತು. ಏನೋ ಹೇಳಲು ಹೋದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ. “ಯಾರೂ ಹೇಳಿರ್ಲಿಲ್ಲ ಮಗಾ,” ಎಂದ, ಬೆರಳುಗಳ ಸಂದಿನಿಂದ. ಎಂಟು ವರ್ಷ ನಾನು ನನ್ನ ಕೈಗಾಗಿ ಕಾದಿದ್ದೆ, ಅವನು ಈ ಒಂದು ಮಾತಿಗಾಗಿ ಕಾದಿದ್ದ. ಅವನದು ಅವನಿಗೆ ಸಿಕ್ಕಿತು.